120 ಬಿಬಿ ಮಿಡ್‌ಕ್ಯಾಪ್ ಮ್ಯಾಗಜೀನ್ ಸೆಟ್: ಬಾಡಿ ಗಟ್ಟಿ, ಸ್ಪ್ರಿಂಗು ಪರವಾಗಿಲ್ಲ, ತಕರಾರು ಹೆಚ್ಚಾಗಿ ಒಳಗಿನ ದಾರೀದು

ಎಂ4 ಟೈಪ್ ಎಲೆಕ್ಟ್ರಿಕ್ ಏರ್‌ಸಾಫ್ಟ್ ಗನ್ನಿಗೆ (ಬಿಬಿ ಅನ್ನೋ ಪ್ಲಾಸ್ಟಿಕ್ ಗುಂಡು ಹಾರಿಸೋ ಆಟದ ಗನ್) ಬರೋ ಪಾಲಿಮರ್ ಮಿಡ್‌ಕ್ಯಾಪ್‌ಗಳು ಇವು, ಅಂದ್ರೆ ಸ್ಪ್ರಿಂಗಲ್ಲೇ ಬಿಬಿ ತಳ್ಳೋ ಮಧ್ಯಮ ಸೈಜಿನ ಮ್ಯಾಗಜೀನ್‌ಗಳು, ಒಂದು ಬಾಕ್ಸಿಗೆ ಐದು. ಸುಮಾರು ವರ್ಷ ಬಳಸಾದ್ಮೇಲೆ ಬರೀತಿದೀನಿ, ಯಾಕಂದ್ರೆ ಹೊಸದ್ರಲ್ಲಿ ಎಲ್ಲಾ ಮ್ಯಾಗೂ ಚೆನ್ನಾಗೇ ಓಡ್ತವೆ, ನಿಜಬಣ್ಣ ಗೊತ್ತಾಗೋದು ಆಮೇಲೆ. ಕಂಪನಿ ಹೆಸರು ಬೇಡ ಬಿಡಿ, ಹೆಚ್ಚುಕಮ್ಮಿ ಇದೇ ಥರದ್ದು ಬೇರೆ ಬೇರೆ ಹೆಸರಲ್ಲೂ ಸಿಗುತ್ತೆ. ಐದ್ರಲ್ಲಿ ಮೂರು ಇವತ್ತಿಗೂ ಕಣ್ಮುಚ್ಕೊಂಡು ನಂಬಬಹುದು, ಒಂದು ರಿಪೇರಿ ಮಾಡಿದ್ಮೇಲೆ ದಾರಿಗೆ ಬಂತು, ಇನ್ನೊಂದು ಈಗ ಬಿಡಿಭಾಗಕ್ಕೆ ಮಾತ್ರ.

ಫೀಡ್ ಆಗ್ತಿಲ್ಲ, ಅಂದ್ರೆ ಮ್ಯಾಗಿಂದ ಗನ್ನಿಗೆ ಬಿಬಿ ಹೋಗ್ತಿಲ್ಲ ಅಂದ ತಕ್ಷಣ ಮ್ಯಾಗನ್ನ ಬೈಯೋರೇ ಜಾಸ್ತಿ, ಆದ್ರೆ ತಪ್ಪು ಮ್ಯಾಗದ್ದೋ ಗನ್ನಿಂದೋ ಅಂತ ಮೊದಲು ಬೇರೆ ಮಾಡ್ಕೋಬೇಕು, ಅದಕ್ಕೆ ಐದು ನಿಮಿಷ ಸಾಕು. ಗಾಗಲ್ ಹಾಕ್ಕೊಂಡು, ಮ್ಯಾಗನ್ನ ಹೊರಗೆ ತೆಗೆದು, ಬಾಯನ್ನ ಒಂದು ಡಬ್ಬದ ಒಳಗೆ ತಿರುಗಿಸಿ, ಬಿಬಿ ಆಚೆ ಬರದ ಹಾಗೆ ತಡ್ಕೊಂಡಿರೋ ಚಿಕ್ಕ ಲಿವರನ್ನ ಪೆನ್ನಿನ ತುದೀಲಿ ಒತ್ತಿ ಹಿಡೀರಿ. ಸರ್ರಂತ ಒಂದೇ ಸಮ ಸುರೀಬೇಕು. ಮಧ್ಯದಲ್ಲಿ ನಿಂತು, ತಟ್ಟಿದ್ರೆ ಮತ್ತೆ ಹೊರಟ್ರೆ ಒಳಗಿನ ದಾರಿ ಎಲ್ಲೋ ಹಿಡೀತಿದೆ ಅಂತ. ಶುರೂಲಿ ಜೋರಾಗಿ ಬಂದು ಕೊನೆಕೊನೆಗೆ ತೆವಳಿದ್ರೆ ಸ್ಪ್ರಿಂಗು ಸೋತಿದೆ. ಹೊರಗೆ ಪೂರ್ತಿ ಸುರಿದು ಗನ್ನಲ್ಲಿ ಹಾಕಿದಾಗ ಮಾತ್ರ ಖಾಲಿ ಹೊಡೆದ್ರೆ ಮ್ಯಾಗ್ ಬಿಚ್ಚಬೇಡಿ, ಅದು ಕೂರೋ ಜಾಗ ನೋಡಿ. ಅದೇ ಮ್ಯಾಗನ್ನ ಫ್ರೆಂಡ್ ಗನ್ನಿಗೆ ಹಾಕಿ ನೋಡಿದ್ರಂತೂ ಅನುಮಾನವೇ ಉಳಿಯಲ್ಲ.

ನನ್ನ ಸೆಟ್ಟಲ್ಲಿ ರಿಪೇರಿ ಮಾಡಿದ ಮ್ಯಾಗಿನ ಕಥೆ ದಾರೀದೇ. ಮಿಡ್‌ಕ್ಯಾಪ್ ಒಳಗೆ ಬಿಬಿ ನೆಟ್ಟಗೆ ನಿಂತಿರಲ್ಲ, ಎರಡು ಹೋಳು ಸೇರಿಸಿ ಮಾಡಿದ ಒಂದು ಕಾಲುವೆ ಮೇಲೆ ಕೆಳಗೆ ಸುತ್ತಾಡಿ ಬಾಯಿಗೆ ಬರುತ್ತೆ, ಹಿಂದೆ ಉದ್ದನೆ ತೆಳು ಸ್ಪ್ರಿಂಗು, ಅದರ ಮುಂದೆ ಬಿಬೀನ ತಳ್ಳೋ ಫಾಲೋವರ್. ಬಿಚ್ಚಿ ನೋಡಿದ್ರೆ ಕೆಳಗಿನ ತಿರುವಲ್ಲಿ ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ ಗೆರೆ, ಕಣ್ಣಿಗೆ ಕಾಣಲ್ಲ, ಉಗುರು ಎಳೆದ್ರೆ ಟಕ್ ಅಂತ ಸಿಗುತ್ತೆ. ಬಿಬಿ ಹೆಸರಿಗೆ 6 ಮಿಮೀ ಆದ್ರೂ ಒಳ್ಳೇ ಬಿಬಿ ಅಳತೆ ಸುಮಾರು 5.95, ಇಂಥ ಗೆರೆಗೆ ತಡೆದು ನಿಲ್ಲೋಕೆ ಜಾಸ್ತಿ ಏನೂ ಬೇಕಿಲ್ಲ. ನೈಸ್ ಸ್ಯಾಂಡ್ ಪೇಪರನ್ನ ಸಣ್ಣಗೆ ಸುತ್ತಿ ಆ ಗೆರೆ ಮಾತ್ರ ಉಜ್ಜಿ, ಪುಡಿ ಒರೆಸಿ, ಮತ್ತೆ ಜೋಡಿಸಿದೆ. ಆದ್ರೂ ಪೂರ್ತಿ ಸರಿ ಹೋಗ್ಲಿಲ್ಲ. ಮಧ್ಯದ ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿದ್ಮೇಲೆ ನೀರು ಹರಿದ ಹಾಗೆ ಬಂದ್ವು, ಅಂದ್ರೆ ಫ್ಯಾಕ್ಟರೀಲೇ ಬಿಗಿ ಜಾಸ್ತಿ ಮಾಡಿ ಎರಡೂ ಹೋಳನ್ನ ಒತ್ತಿಬಿಟ್ಟಿದ್ರು. ಹಾಗಂತ ತೀರಾ ಸಡಿಲ ಮಾಡಿದ್ರೆ ದಾರಿ ಅಗಲವಾಗಿ ಬಿಬಿಗಳು ಒಂದರ ಪಕ್ಕ ಒಂದು ನುಗ್ಗಿ ಸಿಕ್ಕಾಕ್ಕೊಳ್ತವೆ. ಬಿಚ್ಚುವಾಗ ಹೆಬ್ಬೆರಳಲ್ಲಿ ಸ್ಪ್ರಿಂಗ್ ಒತ್ಕೊಂಡಿರಿ, ಬಿಟ್ರೆ ಅದು ಹಾರೋದು ನಿಮ್ಮ ಮುಖಕ್ಕೇ.

ಗನ್ನಿನ ಕಡೆ ತೊಂದ್ರೆ ಇದ್ರೆ ಗುರುತು ಸುಲಭ, ಶೂಟ್ ಮಾಡ್ತಾ ಎಡಗೈಯಲ್ಲಿ ಮ್ಯಾಗನ್ನ ಮೇಲಕ್ಕೆ ಒತ್ತಿ ಹಿಡೀರಿ, ಆಗ ಸರಿಯಾಗಿ ಫೀಡ್ ಆಗಿ ಕೈ ಬಿಟ್ರೆ ನಿಂತು ಹೋದ್ರೆ ಮ್ಯಾಗ್ ಕೆಳಗೆ ಕೂತಿದೆ, ಬಾಯಿಗೂ ಹಾಪ್‌ಅಪ್‌ಗೂ (ಬಿಬಿಗೆ ಹಿಮ್ಮುಖ ತಿರುಗು ಕೊಡೋ, ಗನ್ನೊಳಗಿನ ರಬ್ಬರ್ ಇರೋ ಭಾಗ) ಮಧ್ಯೆ ಸಂದು ಬಿದ್ದಿದೆ. ಮ್ಯಾಗ್ ಬೀಳದ ಹಾಗೆ ಹಿಡಿಯೋ ಗನ್ನಿನ ಕ್ಯಾಚ್ ಸಿಗಾಕ್ಕೊಳ್ಳೋ ಗುಳಿ ಮ್ಯಾಗಲ್ಲಿ ಇದೆಯಲ್ಲ, ಅದರ ಮೇಲಿನ ಅಂಚಿಗೆ ತೆಳ್ಳಗೆ ಒಂದು ಪ್ಲಾಸ್ಟಿಕ್ ಚೂರು ಅಂಟಿಸಿದ್ರೆ ಅಷ್ಟೇ ಮೇಲೆ ಬರುತ್ತೆ. ಅಕ್ಕಪಕ್ಕ ಅಲ್ಲಾಡ್ತಿದ್ರೆ ಬಾಡಿಗೆ ಒಂದು ಸುತ್ತು ಟೇಪ್. ಈ ಸೆಟ್ಟು ನನ್ನ ಗನ್ನಲ್ಲಿ ಸ್ವಲ್ಪ ಲೊಡ ಲೊಡ ಅನ್ನುತ್ತೆ, ಟೇಪ್ ಹಾಕಿದ್ಮೇಲೆ ಸುಮ್ನಾಯ್ತು.

ಸಿಂಗಲ್ ಶಾಟಲ್ಲಿ ಸರಿಯಾಗಿದ್ದು ಆಟೋದಲ್ಲಿ ಮಾತ್ರ ಮಧ್ಯೆ ಮಧ್ಯೆ ಖಾಲಿ ಹೊಡೆದ್ರೆ ಅದು ವೇಗದ ಸಮಸ್ಯೆ. 7.4 ವೋಲ್ಟ್ ಲೈಪೋ ಬ್ಯಾಟರಿ ಬದ್ಲು 11.1 ಹಾಕಿದಾಗ ನಂಗೂ ಹಿಂಗೇ ಆಯ್ತು, ಬಿಬೀನ ಮುಂದಕ್ಕೆ ಕೂರಿಸೋ ನಾಝಲ್ ಹಿಂದೆ ಹೋಗಿ ಮುಂದೆ ಬರೋಷ್ಟ್ರಲ್ಲಿ ಮ್ಯಾಗಿನ ಸ್ಪ್ರಿಂಗಿಗೆ ಬಿಬಿ ತಳ್ಳೋಕೆ ಟೈಮೇ ಸಿಗಲ್ಲ. ಗೇರ್‌ಬಾಕ್ಸಲ್ಲಿ ಸೆಕ್ಟರ್ ಗೇರಿಗೆ (ಪಿಸ್ಟನ್ ಎಳೆಯೋ ಗೇರು) ಡಿಲೇಯರ್ ಚಿಪ್ ಅನ್ನೋ ಸಣ್ಣ ತುಂಡು ಹಾಕಿದ್ರೆ ನಾಝಲನ್ನ ಎಳೆಯೋ ಟ್ಯಾಪೆಟ್ ಪ್ಲೇಟ್ ಸ್ವಲ್ಪ ಹೊತ್ತು ಜಾಸ್ತಿ ಹಿಂದೆ ನಿಲ್ಲುತ್ತೆ, ಬಿಬಿ ಮೇಲೆ ಬರೋಕೆ ಅವಕಾಶ ಸಿಗುತ್ತೆ. ಅದಕ್ಕೆ ಮ್ಯಾಗಿಗೆ ಮಾರ್ಕ್ಸ್ ಕಟ್ ಮಾಡೋದು ಅನ್ಯಾಯ.

ಮ್ಯಾಗ್ ತೆಗೆದಾಗ ಕೊನೇ ಮೂರ್ನಾಲ್ಕು ಬಿಬಿ ಕೆಳಗೆ ಉದುರ್ತವೆ ಅಂತ ಒಂದು ಸ್ಟಾರ್ ಕೊಡೋರನ್ನ ನೋಡಿದ್ರೆ ನಗು ಬರುತ್ತೆ. ಫಾಲೋವರ್ ಮ್ಯಾಗಿನ ಬಾಯಿ ತನಕ ಮಾತ್ರ ಬರೋದು, ಅದರಾಚೆ ಗನ್ನೊಳಗಿನ ದಾರೀಲಿ ಇರೋ ಬಿಬೀನ ತಳ್ಳೋಕೆ ಹಿಂದೆ ಬೇರೆ ಬಿಬಿ ಬೇಕು. ಹೆಚ್ಚುಕಮ್ಮಿ ಎಲ್ಲಾ ಮಿಡ್‌ಕ್ಯಾಪಲ್ಲೂ ಇರೋದೇ ಇದು.

ಐದನೇದು ಹಾಳಾಗಿದ್ದು ಸ್ಪ್ರಿಂಗಿಂದ, ಮಧ್ಯೆ ಒಂದು ಕಡೆ ಮಡಚ್ಕೊಂಡಿತ್ತು. ಎಳೆದು ನೆಟ್ಟಗೆ ಮಾಡಿದ್ರೆ ಸ್ವಲ್ಪ ದಿನ ಓಡುತ್ತೆ, ಆಮೇಲೆ ಅದೇ ಹಾಡು. 120 ಅಂತ ಬರೆದಿದ್ರೂ ಬಿಬಿ ತುಂಬೋ ಸ್ಪೀಡ್‌ಲೋಡರಲ್ಲಿ ಗಟ್ಟಿಯಾಗಿ ಒತ್ತೋ ಹಂತಕ್ಕೆ ಹೋಗ್ದೆ ಹತ್ತು ಬಿಬಿ ಕಮ್ಮಿ ತುಂಬೋದು ವಾಸಿ, ಆಟ ಮುಗಿದ್ಮೇಲೆ ಖಾಲಿ ಮಾಡಿ ಇಡೋದು ಇನ್ನೂ ವಾಸಿ, ಬಯೋ ಬಿಬಿ (ಕಾಲಕ್ರಮೇಣ ಮಣ್ಣಾಗೋ ಥರದ್ದು) ಹಾಕೋರಿಗಂತೂ ಇದು ಕಡ್ಡಾಯ, ತೇವ ಹೀರಿ ಊದಿಕೊಂಡ್ರೆ ಒಳಗೇ ಕಚ್ಕೊಂಡು ಕೂತ್ಬಿಡ್ತವೆ. ನೆಲಕ್ಕೆ ಬಿದ್ದ ಬಿಬಿ ಎತ್ತಿ ತುಂಬೋ ಜಿಪುಣತನ ಬೇಡ, ಒಂದು ಮರಳಿನ ಕಾಳು ಸಾಕು. ಎಣ್ಣೆ ಹಾಕೋದಾದ್ರೆ ಸಿಲಿಕೋನ್ ಮಾತ್ರ, ಫಾಲೋವರಿಗೆ ಒಂದು ಹನಿ, ಮಿಕ್ಕಿದ್ದು ಒರೆಸಿಬಿಡಿ. ಜಾಸ್ತಿ ಆದ್ರೆ ಬಿಬಿ ಮೇಲೆ ಹತ್ತಿ ಹಾಪ್‌ಅಪ್ ರಬ್ಬರಿಗೆ ಹೋಗುತ್ತೆ, ಆಮೇಲೆ ಗುಂಡು ಎತ್ತಲೋ ಹೋಗುತ್ತೆ. ಮನೇಲಿರೋ ಮೆಷಿನ್ ಎಣ್ಣೆ ಬೇಡವೇ ಬೇಡ, ರಬ್ಬರ್ ಕೆಡುತ್ತೆ.

ಹೈಕ್ಯಾಪ್ (ಜಾಸ್ತಿ ಬಿಬಿ ಸುರಿದು ಚಕ್ರ ತಿರುಗಿಸಿ ಓಡಿಸೋ ಮ್ಯಾಗ್) ಜೊತೆ ಹೋಲಿಸಿದ್ರೆ ಗಲಗಲ ಸದ್ದಿಲ್ಲ, ಚಕ್ರ ತಿರುಗಿಸೋ ಗೋಳಿಲ್ಲ, ಅದೊಂದಕ್ಕೇ ಮತ್ತೆ ಇದನ್ನೇ ತಗೊಳ್ತೀನಿ. ಬಾಡಿ ಕಲ್ಲ ಮೇಲೆ ಬಿದ್ರೂ ಬಿರುಕು ಬಿಟ್ಟಿಲ್ಲ. ಐದಕ್ಕೆ ಮೂರೂವರೆ ಸ್ಟಾರ್. ಕಟ್ ಮಾಡಿದ ಒಂದೂವರೇಲಿ ಅರ್ಧ ಸ್ಕ್ರೂಗಳಿಗೆ, ತಲೆ ತುಂಬಾ ಮೆತ್ತಗಿದೆ, ಅಳತೆ ಸರಿಯಿಲ್ಲದ ಡ್ರೈವರ್ ಹಾಕಿದ್ರೆ ಮೊದಲ್ನೇ ಸಲಕ್ಕೇ ಸವೆದು ಹೋಗುತ್ತೆ, ಬಿಚ್ಚೋಕೆ ಮುಂಚೆ ಅದನ್ನ ನೋಡ್ಕೊಳ್ಳಿ.