ಕಾಲು ಒದೆಯಿತು, ನಾಯಿ ಓಡಿತು: ಕರೆಂಟ್ ಮಷಿನ್ ಜೊತೆ 8 ತಿಂಗಳು

ಎರಡು ವರ್ಷದ ಹಿಂದೆ ಕರಿಮೆಣಸು ಕುಯ್ಯುವಾಗ ಸಿಲ್ವರ್ ಮರಕ್ಕೆ ಒರಗಿಸಿದ್ದ ಏಣಿಯಿಂದ ಬಿದ್ದೆ. ಟಿ-10, ಅಂದರೆ ಎದೆಗೂಡಿನ ಹಿಂದಿನ ಹತ್ತನೇ ಬೆನ್ನುಮೂಳೆ, ಅದರ ಹತ್ತಿರ ಬೆನ್ನುಹುರಿಗೆ ಪೆಟ್ಟು. ಹೊಕ್ಕುಳದಿಂದ ಕೆಳಗೆ ಏನೂ ಗೊತ್ತಾಗಲ್ಲ. ಸೋಮವಾರಪೇಟೆ ಹತ್ತಿರ ನಮ್ಮ ತೋಟದ ಮನೆ, ಈಗ ಜಗಲಿಯೇ ನನ್ನ ಆಫೀಸು.

ಸ್ನಾಯುವಿಗೆ ಕರೆಂಟ್ ಕೊಡುವ ಮಷಿನ್ನನ್ನು ಆನ್‌ಲೈನಿನಲ್ಲಿ ತರಿಸಿದೆ. 2 ಚಾನೆಲ್, 4 ಪ್ಯಾಡ್, ಚಾರ್ಜ್ ಮಾಡುವ ಬ್ಯಾಟರಿ, 6,500 ರೂಪಾಯಿ. ಆದರೆ ತರಿಸುವ ಮೊದಲು ಮಡಿಕೇರಿಯಿಂದ ಬರುವ ಫಿಸಿಯೋ ಮೇಡಂ ತಡೆದರು. "ಅಣ್ಣ, ದುಡ್ಡು ಹಾಕೋ ಮೊದಲು ಸ್ನಾಯು ಏಳುತ್ತಾ ನೋಡೋಣ" ಅಂತ ಅವರ ಮಷಿನ್ ತಂದು ಎರಡೂ ತೊಡೆ, ಮೊಣಕಾಲ ಕೆಳಗೆ, ಎಲ್ಲ ಕಡೆ ಹಚ್ಚಿ ನೋಡಿದರು.

ಯಾಕೆ ಅಂದರೆ, ಮಳೆಗಾಲದಲ್ಲಿ ಲೈನ್ ಹೋದಾಗ ಮನೆ ವೈರಿಂಗ್ ಸರಿ ಇದ್ದರೆ ಜನರೇಟರ್ ಹಾಕಿ ಬಲ್ಬ್ ಉರಿಸಬಹುದು. ವೈರಿಂಗನ್ನೇ ಇಲಿ ಕಡಿದಿದ್ದರೆ? ನನಗೆ ಹೋಗಿರುವುದು ಲೈನ್, ಅಂದರೆ ಮೆದುಳಿನಿಂದ ಬರುವ ದಾರಿ. ವೈರಿಂಗ್, ಅಂದರೆ ಕಾಲಿನ ನರ, ಸರಿ ಇದೆ. ವಿರಾಜಪೇಟೆ ಕಡೆಯ ಗೆಳೆಯನೊಬ್ಬನಿಗೆ ಪೆಟ್ಟು ಸೊಂಟದ ಹತ್ತಿರ, ನರದ ಬೇರುಗಳೇ ಹಾಳಾಗಿವೆ, ಕಾಲು ಮೆತ್ತಗೆ ಜೋಲುತ್ತದೆ. ಇದೇ ಥರದ ಮಷಿನ್ ತಗೊಂಡು ಪೂರ್ತಿ ಏರಿಸಿದರೂ ಒಂದು ಅದುರೂ ಇಲ್ಲ. ಇಂಥ ಮಷಿನ್ ಕೊಡುವ ಒಂದೊಂದು ಮಿಡಿತ ಸೆಕೆಂಡಿನ 10 ಲಕ್ಷದಲ್ಲಿ 300 ಭಾಗದಷ್ಟೇ. ಅವನಿಗೆ ಬೇಕಾದ್ದು ಅದರ ನೂರಾರು ಪಟ್ಟು ಉದ್ದದ್ದು, ಆ ಮಷಿನ್ನೇ ಬೇರೆ. ಮೊದಲೇ ಟೆಸ್ಟ್ ಮಾಡಿಸಿದ್ದರೆ ದುಡ್ಡು ಉಳಿಯುತ್ತಿತ್ತು, ಅಲ್ವಾ?

ಮೊದಲ ದಿನ ಮೇಡಂ ತೊಡೆಗೆ ಪ್ಯಾಡ್ ಅಂಟಿಸಿ ನಿಧಾನಕ್ಕೆ ಏರಿಸಿದರು. 40 ಮಿಲಿಆಂಪಿಗೆ ಚರ್ಮದ ಕೆಳಗೆ ಇರುವೆ ಹರಿದ ಹಾಗೆ ಅದುರು. 55ಕ್ಕೆ ಮಂಡಿಚಿಪ್ಪು ಮೇಲಕ್ಕೆ ಜಾರಿತು. 60 ಆದದ್ದೇ ತಡ, ಕಾಲು ಎದ್ದು ಒದೆಯಿತು. ಕೆಳಗೆ ಮಲಗಿದ್ದ ನಾಯಿ ಕಿರುಚಿಕೊಂಡು ಕಾಫಿ ಕಣದತ್ತ ಓಡಿತು. ನನಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಯಾರದೋ ಕಾಲನ್ನು ನೋಡಿದ ಹಾಗೆ ನೋಡುತ್ತಾ ಕೂತೆ.

ಹತ್ತು ನಿಮಿಷಕ್ಕೆ ಕಾಲು ಸುಸ್ತಾಗುತ್ತದೆ. ನಮ್ಮ ಮೆದುಳು ಸ್ನಾಯುವಿನ ಎಳೆಗಳನ್ನು ಕೂಲಿಯವರನ್ನು ಸರದಿ ಮೇಲೆ ಕಳಿಸುವ ಹಾಗೆ ದುಡಿಸುತ್ತದೆ. ಮಷಿನ್ ಅದೇ ನಾಲ್ಕು ಜನರನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಜಾಸ್ತಿ ಏರಿಸುವುದೂ ಬೇಡ. ನಮ್ಮಂಥವರ ಮೂಳೆ ಸವೆದಿರುತ್ತದೆ, ಜೋರು ಒದೆತಕ್ಕೆ ಮುರಿಯಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಟಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಒಬ್ಬರೇ ಇದ್ದಾಗ ಹಚ್ಚಲೇಬಾರದು. ಬಿಪಿ ಒಮ್ಮೆಲೇ ಏರಿ ತಲೆ ಸಿಡಿಯಬಹುದು.

ಫಲ? ಹೆಂಡತಿ ಟೈಲರ್ ಟೇಪಿನಲ್ಲಿ ಅಳೆಯುತ್ತಾಳೆ. ಮಂಡಿಯಿಂದ ಒಂದು ಗೇಣು ಮೇಲೆ 38 ಸೆಂಟಿಮೀಟರ್ ಇದ್ದದ್ದು ಈಗ 40. ಹಚ್ಚಿದ ದಿನ ರಾತ್ರಿ ಕಾಲು ಸೆಟೆಯುವುದು ಸ್ವಲ್ಪ ಕಡಿಮೆ. ನಡೆಯುವ ಮಾತು ಬೇರೆ. ಮಾರಾಟಗಾರರ ಚೀಟಿಯಲ್ಲಿ "ಮತ್ತೆ ನಡೆಯಿರಿ" ಅಂತ ಒಂದು ಸಾಲು, ಪಕ್ಕದಲ್ಲೇ ಹೊಟ್ಟೆ ಕರಗಿಸುವ ಚಿತ್ರ. ಸುಮ್ನೆ ಬುರುಡೆ. ಕನ್ನಡದಲ್ಲಿ ಒಂದಕ್ಷರ ಇಲ್ಲ.

ಪ್ಯಾಡುಗಳು ಮಾತ್ರ ತೀರಾ ಕಳಪೆ. ಜುಲೈ ಥಂಡಿಗೆ ಮೂರೇ ವಾರದಲ್ಲಿ ಗೋಂದು ಬಿಟ್ಟವು. ಒಂದರ ಅಂಚು ಎದ್ದು ಕರೆಂಟೆಲ್ಲ ಒಂದೇ ಕಡೆ ನುಗ್ಗಿ ತೊಡೆ ಮೇಲೆ ಎಂಟಾಣೆ ಅಗಲದ ಸುಟ್ಟ ಗಾಯ. ನೋವೇ ಇಲ್ಲವಲ್ಲ, ಸಂಜೆ ಹೆಂಡತಿ ನೋಡಿ ಹೇಳಿದ ಮೇಲೇ ಗೊತ್ತಾದದ್ದು. ವಾಸಿಯಾಗಲು ಐದು ವಾರ ಬೇಕಾಯಿತು. ಮಾರಾಟಗಾರರಿಗೆ ಫೋಟೋ ಕಳಿಸಿದರೆ "ಪ್ಯಾಡಿಗೆ ವಾರಂಟಿ ಇಲ್ಲ" ಅಂದರು. ಈಗ ಮೆಡಿಕಲ್ ಅಂಗಡಿಯಲ್ಲಿ ಬೇರೆ ಪ್ಯಾಡ್ ತರಿಸಿಕೊಳ್ಳುತ್ತೇನೆ. ಹಚ್ಚುವ ಮೊದಲೂ ತೆಗೆದ ಮೇಲೂ ಕನ್ನಡಿ ಹಿಡಿದು ಚರ್ಮ ನೋಡುತ್ತೇನೆ.

ಮಷಿನ್ನಿಗೆ 4 ಸ್ಟಾರ್. ಪ್ಯಾಡಿಗೆ 1. ಚೀಟಿಗೆ ಅದೂ ಇಲ್ಲ.