ಎರಡು ಚಳಿಗಾಲದ ನಂತರ: ಸ್ಮಾರ್ಟ್ ಥರ್ಮೋಸ್ಟಾಟ್ ಮತ್ತು ನೀಲಿ ವೈರ್ ಕಥೆ

ಮನೆಯ ಬಿಸಿ ಎಷ್ಟಿರಬೇಕು ಅಂತ ತಾನೇ ನೋಡಿಕೊಳ್ಳುವ ಈ ಸ್ಮಾರ್ಟ್ ಥರ್ಮೋಸ್ಟಾಟಿನ ಆ್ಯಪ್ ಹೇಗಿದೆ, ಸ್ಕ್ರೀನ್ ಎಷ್ಟು ಚೆಂದ ಅನ್ನೋದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳೋದು ಒಂದು ವೈರ್ ವಿಷಯ.

ನಮ್ಮದು ಶಿಕಾಗೊ ಹತ್ತಿರ ಹಳೇ ಮನೆ, ಬಿಸಿಗಾಳಿ ಊದುವ ಗ್ಯಾಸ್ ಫರ್ನೇಸ್. ಹಳೇ ಥರ್ಮೋಸ್ಟಾಟ್ ಎರಡು ಪೆನ್ಸಿಲ್ ಸೆಲ್ ಹಾಕಿದರೆ ವರ್ಷಗಟ್ಟಲೆ ಸುಮ್ಮನೆ ಕೆಲಸ ಮಾಡುತ್ತಿತ್ತು. ನವೆಂಬರ್ ಸೇಲ್‌ನಲ್ಲಿ ಈ ಹೊಸದು 130 ಡಾಲರ್‌ಗೆ ಸಿಕ್ಕಿತು. ಇದ್ದ ನಾಲ್ಕು ವೈರ್‌ಗಳನ್ನು, ಆರ್, ಡಬ್ಲ್ಯೂ, ವೈ, ಜಿ ಅಂತ ಅಕ್ಷರ ನೋಡಿ ಸಿಕ್ಕಿಸಿದೆ. ಅರ್ಧ ಗಂಟೆ ಕೆಲಸ. ಹೆಂಡತಿ ಎದುರು ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ.

ಮೂರನೇ ವಾರ ಫರ್ನೇಸ್ ಸುಮ್ಸುಮ್ನೆ ಹತ್ತಿ ಆರತೊಡಗಿತು. ಆಮೇಲೆ ವೈಫೈ ಹೋಯಿತು. ಒಂದು ಬೆಳಿಗ್ಗೆ ಎದ್ದರೆ ಸ್ಕ್ರೀನ್ ಕಪ್ಪು. ಮನೆಯೊಳಗೆ 54 ಡಿಗ್ರಿ ಫ್ಯಾರನ್‌ಹೀಟ್, ಊರಿನ ಲೆಕ್ಕದಲ್ಲಿ 12 ಸೆಲ್ಸಿಯಸ್. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಇಟ್ಟ ಹಾಗೇ ಇತ್ತು, ಒಂದು ಗುಳ್ಳೆಯೂ ಇಲ್ಲ.

ರಿಪೇರಿಯವರು ಬಂದು ನೋಡೋಕೇ 120 ಡಾಲರ್ ಅಂದರು. ಸಿಟ್ಟಲ್ಲಿ ನಾನೇ ಗೋಡೆಯಿಂದ ಬಿಚ್ಚಿದೆ. ತೂತಿನೊಳಗೆ ಸುರುಳಿ ಸುತ್ತಿ ತುರುಕಿದ್ದ ನೀಲಿ ವೈರ್ ಕಂಡಿತು. ಸಿ ವೈರ್ ಅಂತ, ಅಂದರೆ ಥರ್ಮೋಸ್ಟಾಟಿಗೆ ಸದಾ ಕರೆಂಟ್ ಸಿಗೋ ಹಾಗೆ ಮಾಡುವ ವೈರ್ ಆಗಿ ಬಳಸುವಂಥದು, ಯಾರೂ ಬಳಸಿರಲಿಲ್ಲ. ಹೊಸ ಥರ್ಮೋಸ್ಟಾಟಿಗೆ ಸದಾ 24 ವೋಲ್ಟ್ ಬೇಕು. ಸಿ ಇಲ್ಲದಿದ್ದರೆ ಮಿಕ್ಕ ವೈರ್‌ಗಳಿಂದ ಚೂರುಚೂರು ಕರೆಂಟ್ ಕದ್ದು ಒಳಗಿನ ಬ್ಯಾಟರಿ ತುಂಬಿಸಿಕೊಳ್ಳುತ್ತದೆ. ನಮ್ಮ ಫರ್ನೇಸಿಗೆ ಈ ಕಳ್ಳತನ ಆಗಿಬರಲಿಲ್ಲ.

ಬೇಸ್‌ಮೆಂಟಿಗೆ ಇಳಿದು, ಆ ನೀಲಿ ವೈರ್‌ನ ಇನ್ನೊಂದು ತುದಿಯನ್ನು ಫರ್ನೇಸ್ ಬೋರ್ಡಿನ ಸಿ ಸ್ಕ್ರೂಗೆ ಹಾಕಲು ಹೋದೆ. ಬ್ರೇಕರ್ ಆಫ್ ಮಾಡಿರಲಿಲ್ಲ, ಮಹಾ ಬುದ್ಧಿವಂತ! ಕರೆಂಟ್ ಇರುವ ಆರ್ ಸ್ಕ್ರೂಗೆ ತಾಗಿ ಸಣ್ಣ ಕಿಡಿ, ಬೋರ್ಡಿನ ಫ್ಯೂಸ್ ಹೋಯಿತು. ಕಾರಿನಲ್ಲಿ ಇರುವಂಥದೇ ಫ್ಯೂಸ್, ನೇರಳೆ ಬಣ್ಣದ 3 ಆಂಪ್. ತಂದು ಹಾಕಿದರೂ ಫರ್ನೇಸ್ ಉಸಿರೆತ್ತಲಿಲ್ಲ. ಹತ್ತು ನಿಮಿಷ ಕಂಪನಿಯವರನ್ನು ಬೈದ ಮೇಲೆ ನೋಡಿದರೆ, ಫರ್ನೇಸಿನ ಕೆಳಗಿನ ಬಾಗಿಲು ಪೂರ್ತಿ ಕೂತಿರಲಿಲ್ಲ. ಅಲ್ಲೊಂದು ಪುಟ್ಟ ಸ್ವಿಚ್ ಇದೆ, ಬಾಗಿಲು ಅದನ್ನು ಒತ್ತದಿದ್ದರೆ ಏನೂ ಓಡುವುದಿಲ್ಲ. ಮೊಣಕಾಲಲ್ಲಿ ಒತ್ತಿದೆ. ಟಕ್! ಸ್ವಲ್ಪ ಹೊತ್ತಿಗೆ ಬಿಸಿಗಾಳಿ.

ಅವತ್ತಿನಿಂದ ಒಂದು ದಿನವೂ ಕೈಕೊಟ್ಟಿಲ್ಲ, ನಿಜ ಹೇಳಬೇಕಲ್ವಾ. ಐದೂಕಾಲಿಗೆ ತಾನಾಗೇ 68ಕ್ಕೆ ಏರುತ್ತದೆ. ನಾನು ಏಳುವಷ್ಟರಲ್ಲಿ ಅಡುಗೆಮನೆ ನೆಲ ಬೆಚ್ಚಗಿರುತ್ತದೆ. ಡಿಕಾಕ್ಷನ್ ಇಳಿಯುವ ತನಕ ಗಾಳಿ ಬರುವ ಜಾಲರಿ ಮೇಲೆ ಕಾಲಿಟ್ಟುಕೊಂಡು ನಿಲ್ಲುವುದು ನನ್ನ ದಿನದ ಸುಖ. ಹಿಟ್ಟಿನ ಪಾತ್ರೆಯೂ ಅದರ ಪಕ್ಕದಲ್ಲೇ. ಈಗ ಉಕ್ಕಿ ಮುಚ್ಚಳ ಎತ್ತುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಸಿ ವೈರ್ ವಿಷಯ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕದಿದ್ದಕ್ಕೆ ಒಂದು ಕಟ್. ನಿಮ್ಮ ಮನೆಯಲ್ಲಿ ಆ ವೈರ್ ಇದೆಯಾ ಅಂತ ಕೊಳ್ಳುವ ಮುಂಚೆ, ಮೊದಲು ಬ್ರೇಕರ್ ಆಫ್ ಮಾಡಿ, ಆಮೇಲೆ ಹಳೆಯದನ್ನು ಬಿಚ್ಚಿ ನೋಡಿ.

ಇನ್ನೊಂದು ತರಲೆ ಇದೆ. ಹೋದ ಚಳಿಗಾಲ ಅಮ್ಮ ಮೈಸೂರಿನಿಂದ ಬಂದಿದ್ದರು. ಹಗಲೆಲ್ಲ ಮಹಡಿ ರೂಮಿನಲ್ಲಿ ಕೂತು ಸೀರಿಯಲ್ ನೋಡುತ್ತಿದ್ದರೆ, ಹಾಲ್‌ನಲ್ಲಿರುವ ಇದು ತನ್ನೆದುರು ಯಾರೂ ಓಡಾಡದ್ದರಿಂದ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು 62ಕ್ಕೆ ಇಳಿಸುತ್ತಿತ್ತು. "ನಾನು ಲೆಕ್ಕಕ್ಕೇ ಇಲ್ವೇನೋ ಇದಕ್ಕೆ?" ಅಂತ ಅಮ್ಮ ಕೆಳಗಿಳಿದು ಬಂದು ಅದರ ಮುಂದೆ ಕೈ ಆಡಿಸುತ್ತಿದ್ದರು. ಸೆಟ್ಟಿಂಗ್ಸ್‌ಗೆ ಹೋಗಿ ಆ ಫೀಚರ್ ಆಫ್ ಮಾಡಿದೆ. ಅಮ್ಮ ಮಾತ್ರ ಊರಿಗೆ ಹೊರಡುವ ದಿನದವರೆಗೂ ಕೈ ಆಡಿಸುವುದನ್ನು ಬಿಡಲಿಲ್ಲ.