ಕ್ಲಿಂಗನ್ ಡಿಕ್ಷನರಿ: ಹೆಸರಿಗೆ ಪದಕೋಶ, ಒಳಗಿರುವುದು ವ್ಯಾಕರಣ

ಮಾರ್ಕ್ ಓಕ್ರಾಂಡ್ ಬರೆದ 'ದಿ ಕ್ಲಿಂಗನ್ ಡಿಕ್ಷನರಿ' ಕೊಳ್ಳುವವರು 1985ರ ಮೊದಲ ಮುದ್ರಣ ಬಿಟ್ಟು, ಅನುಬಂಧ ಸೇರಿಸಿದ 1992ರ ಆವೃತ್ತಿಯನ್ನೇ ಹುಡುಕಿ ಕೊಳ್ಳಬೇಕು. ಸ್ಟಾರ್ ಟ್ರೆಕ್ ಎಂಬ ಬಾಹ್ಯಾಕಾಶ ಕಥಾಸರಣಿಯ ಕ್ಲಿಂಗನ್ ಯೋಧರಿಗೆ 1984ರ ಸಿನಿಮಾಕ್ಕಾಗಿ ಕ್ಲಿಂಗನ್ ಎಂಬ ಈ ಭಾಷೆ ಕಟ್ಟಿಕೊಟ್ಟ ಓಕ್ರಾಂಡ್ ಭಾಷಾವಿಜ್ಞಾನಿ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಮುತ್ಸುನ್ ಭಾಷೆಯ ಮೇಲೆ ಕೆಲಸ ಮಾಡಿ ಪಳಗಿದವರು. ಪುಸ್ತಕದ ಬೆಲೆ ಇರುವುದು ಪದಪಟ್ಟಿಗಿಂತ ಮುಂಭಾಗದ ವ್ಯಾಕರಣದಲ್ಲಿ.

ಉಚ್ಚಾರಣೆಯ ಅಧ್ಯಾಯ ಇಂಗ್ಲಿಷ್ ಓದುಗರಿಗೆಂದು ಬರೆದದ್ದು. ದೊಡ್ಡಕ್ಷರದ ಡಿ, ಎಸ್ ಹೇಗೆ ನುಡಿಯಬೇಕೆಂದು ನಾಲಿಗೆಯ ಜಾಗ ತೋರಿಸಿ ವಿವರಿಸುತ್ತದೆ. ನಮಗೆ ಅಷ್ಟು ಕಷ್ಟವಿಲ್ಲ, ಅವು ನಮ್ಮ ಡ ಮತ್ತು ಷ. ವಿಚಿತ್ರವೆಂದರೆ ಡ ಇದೆ, ದ ಇಲ್ಲ. ಕ ಅಂತೂ ಇಲ್ಲವೇ ಇಲ್ಲ. ಅದರ ಬದಲು ಕಿರುನಾಲಿಗೆಯ ಬಳಿ ಹುಟ್ಟುವ 'ಕ್ಯೂ' ಇದೆ, ಉರ್ದು ಬಲ್ಲವರು 'ಕಲಮ್' ಎನ್ನುವಾಗ ಬರುವ ಸದ್ದು. ಮುಂದಿನ ಉದಾಹರಣೆಗಳಲ್ಲಿ ಕ ಎಂದು ಬರೆದಿರುವುದೆಲ್ಲ ಅದೇ, 'ಕಾಪ್ಲಾ' ಒಂದನ್ನು ಬಿಟ್ಟು, ಅದರದ್ದು ದೊಡ್ಡ ಕ್ಯೂ. ಸಣ್ಣ ಕ್ಯೂ, ದೊಡ್ಡ ಕ್ಯೂ ಬೇರೆ ಬೇರೆ ಅಕ್ಷರಗಳು. ವಾಕ್ಯದ ಮೊದಲಕ್ಷರವೆಂದು ದೊಡ್ಡದು ಮಾಡಿದರೆ ಪದವೇ ಬದಲಾಗುತ್ತದೆ.

ಕನ್ನಡಿಗರು ಎಡವುವುದು ಪದಗಳ ಕ್ರಮದಲ್ಲಿ. ಕರ್ಮ ಮೊದಲು, ಕ್ರಿಯಾಪದ ನಡುವೆ, ಕರ್ತೃ ಕೊನೆಗೆ. 'ಪುಕ್ ಲೆಘ್ ಯಾಷ್' ಎಂದರೆ ಅಧಿಕಾರಿ ಮಗುವನ್ನು ನೋಡುತ್ತಾನೆ. 'ಯಾಷ್ ಲೆಘ್ ಪುಕ್' ಎಂದರೆ ಮಗು ಅಧಿಕಾರಿಯನ್ನು ನೋಡುತ್ತದೆ. ನಮ್ಮಲ್ಲಿ 'ಅನ್ನು' ಇರುವುದರಿಂದ ಪದಗಳನ್ನು ಹಿಂದುಮುಂದು ಮಾಡಿದರೂ ಅರ್ಥ ಕೆಡುವುದಿಲ್ಲ. ಇಲ್ಲಿ ಅಂಥ ವಿಭಕ್ತಿ ಇಲ್ಲ, ಕ್ರಮ ತಪ್ಪಿದರೆ ನೋಡಿದವರೇ ನೋಡಿಸಿಕೊಂಡವರಾಗುತ್ತಾರೆ. ಕ್ರಿಯಾಪದದ ಮೊದಲಿಗೆ ಅಂಟುವ 29 ಪೂರ್ವಪ್ರತ್ಯಯಗಳ ಕೋಷ್ಟಕವನ್ನೂ ಬಾಯಿಪಾಠ ಮಾಡದೆ ಗತಿಯಿಲ್ಲ. 'ಕಾಲೆಘ್' ಎಂಬ ಒಂದೇ ಪದದಲ್ಲಿ 'ನಾನು ನಿನ್ನನ್ನು ನೋಡುತ್ತೇನೆ' ಪೂರ್ತಿ ಇದೆ. 'ಚೋಲೆಘ್' ಅಂದರೆ ನೀನು ನನ್ನನ್ನು.

ನಾಮಪದದ ಪ್ರತ್ಯಯಗಳು ಮಾತ್ರ ಮನೆಗೆ ಬಂದಷ್ಟು ಸಲೀಸು. 'ಜುಖ್‌ವಿಜ್‌ಡಾಕ್': ಮನೆ, ನನ್ನ, ಅಲ್ಲಿ. ಸಾಲಾಗಿ ಪೋಣಿಸಿದರೆ 'ನನ್ನ ಮನೆಯಲ್ಲಿ'. ಐದು ವರ್ಗ, ಒಂದೊಂದರಿಂದ ಒಂದೇ ಪ್ರತ್ಯಯ, ಕ್ರಮ ಬದಲಿಸುವಂತಿಲ್ಲ. ಬಹುವಚನದಲ್ಲಿ ನಮ್ಮ 'ಹುಡುಗರು, ಹಡಗುಗಳು' ಥರದ್ದೇ ಭೇದ: ಮಾತಾಡಬಲ್ಲವರಿಗೆ 'ಪು', ದೇಹದ ಅಂಗಗಳಿಗೆ 'ಡು', ಉಳಿದದ್ದಕ್ಕೆ 'ಮೆಯ್'. ಬೇಕೆಂದೇ 'ಪುಕ್‌ಮೆಯ್' ಎಂದರೆ ಎಲ್ಲೆಂದರಲ್ಲಿ ಹರಡಿಕೊಂಡ ಮಕ್ಕಳು. ಇಷ್ಟು ಸೊಗಸಾದ ಸೂಕ್ಷ್ಮ, ಕೃತಕವಾಗಿ ಕಟ್ಟಿದ ಭಾಷೆಗಳಲ್ಲಿ ಅಪರೂಪ.

ಕ್ರಿಯಾಪದಕ್ಕೂ ಒಂದು 'ಪು' ಹತ್ತುತ್ತದೆ. ಅದನ್ನು ಭೂತಕಾಲವೆಂದು ಓದಿಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಕ್ಲಿಂಗನ್‌ನಲ್ಲಿ ಕಾಲಸೂಚಕ ಪ್ರತ್ಯಯವೇ ಇಲ್ಲ. ಆ 'ಪು' ಹೇಳುವುದು ಕೆಲಸ ಮುಗಿದದ್ದನ್ನು, ಅದು ನಾಳೆ ಮುಗಿಯುವ ಕೆಲಸವೂ ಆಗಬಹುದು. ಪುಸ್ತಕ ಇದನ್ನು ಹೇಳುತ್ತದೆ, ಆದರೆ ಉದಾಹರಣೆಗಳು ಸಾಲವು.

ದೊಡ್ಡ ಕೊರತೆ ಹಿಂಭಾಗದ ಉಪಯುಕ್ತ ವಾಕ್ಯಗಳ ಪಟ್ಟಿ. ಅಲ್ಲಿನ ಉಚ್ಚಾರಣೆ ಇಂಗ್ಲಿಷ್ ಕಾಗುಣಿತದಲ್ಲಿ ಅಂದಾಜಿಗೆ ಕೊಟ್ಟದ್ದು. ಅದನ್ನೇ ನೆಚ್ಚಿಕೊಂಡರೆ 'ಕಾಪ್ಲಾ' (ಯಶಸ್ಸು) ಪದದ ಕೊನೆಯಲ್ಲಿ ಗಂಟಲು ಕಟ್ಟಿ ನಿಲ್ಲಿಸುವ ಸದ್ದು ಮಾಯವಾಗುತ್ತದೆ, ಅದಿಲ್ಲದೆ ಪದ ಅರೆಬರೆ. 'ನುಕ್‌ನೆಖ್' ಅನ್ನು ಹಲೋ ಎಂದುಕೊಳ್ಳುವವರೂ ಹೆಚ್ಚು. ಅರ್ಥ 'ಏನು ಬೇಕು?' ಎಂದು. ನಿಮ್ಮ ಬಳಿ ಬಂದವರಿಗೆ ನೀವು ಕೇಳುವ ಮಾತು. ನೀವೇ ಹೋಗಿ ಇನ್ನೊಬ್ಬರನ್ನು ಹಾಗೆ ಕೇಳಿದರೆ ಅಸಂಬದ್ಧ.

ಕಿವಿ ಪಳಗಿಸಲು 2017ರ 'ಸ್ಟಾರ್ ಟ್ರೆಕ್: ಡಿಸ್ಕವರಿ' ಸರಣಿ ಒಳ್ಳೆಯದು. ಪಾತ್ರಗಳು ಉದ್ದುದ್ದ ಮಾತುಗಳನ್ನು ಕ್ಲಿಂಗನ್‌ನಲ್ಲೇ ಆಡುತ್ತವೆ, ಅನುವಾದ ರಾಬಿನ್ ಸ್ಟುವರ್ಟ್ ಅವರದು. ಒಂದು ಮಾತು ಕೇಳಿ, ನಿಲ್ಲಿಸಿ, ಮೊದಲು ಕ್ರಿಯಾಪದ ಹುಡುಕಿ. ಅದರ ಪೂರ್ವಪ್ರತ್ಯಯವನ್ನು ಕೋಷ್ಟಕದಲ್ಲಿ ನೋಡಿ ಯಾರು ಯಾರಿಗೆ ಎಂದು ಗುರುತಿಸಿಕೊಂಡ ಮೇಲೆ ಉಳಿದ ಪದಗಳಿಗೆ ಪದಪಟ್ಟಿ ತೆರೆಯಿರಿ.